ಹಾವು, ಕೋಲು, ಹಾವು

ಡೊಂಬಿವಲಿ ಪೂರ್ವದ ಆ ಮನೆಯಲ್ಲಿ ಅಡುಗೆಮನೆ ಒಡೆಸುವ ಕೆಲಸ ಶುರುವಾದಾಗ ಹಾಲ್‌ನ ಒಂದು ಮೂಲೆಗೆ ಗ್ಯಾಸ್ ಒಲೆ ಬಂತು, ಇನ್ನೊಂದು ಮೂಲೆಗೆ ಏಳನೇ ಕ್ಲಾಸಿನ ಹುಡುಗಿಯ ಪುಸ್ತಕಗಳು ಬಂದವು. ನಡುವೆ ದಿವಾನದ ಮೇಲೆ ಅಜ್ಜ. ಹುಡುಗಿ ಠಾಣೆಯಲ್ಲಿ ನಡೆಯಲಿದ್ದ ಅಂತರಶಾಲಾ ಸ್ಪೆಲ್ಲಿಂಗ್ ಸ್ಪರ್ಧೆಗೆ ತಯಾರಾಗುತ್ತಿದ್ದಳು. ಮಳೆಗಾಲ ಮುಗಿದಿತ್ತು, ದೀಪಾವಳಿಯೊಳಗೆ ಹೊಸ ಕಟ್ಟೆ ಕೂರಬೇಕು ಎಂದು ಮನೆಯವರು ಹಟ ಹಿಡಿದಿದ್ದರು.

ಅವಳ ನೋಟ್‌ಬುಕ್ಕಿನಲ್ಲಿ ಪದಗಳು ಎ-ಬಿ-ಸಿ ಕ್ರಮದಲ್ಲಿರಲಿಲ್ಲ. ಯಾವ ಪದಗಳು ಯಾವ ಅಕ್ಷರಗಳನ್ನು ಹಂಚಿಕೊಂಡಿವೆಯೋ ಅವೆಲ್ಲ ಒಂದು ಪುಟದಲ್ಲಿ. ಎ, ಇ, ಐ, ಓ, ಯೂ ಐದೂ ಸ್ವರಗಳು ಸಾಲಾಗಿ ಬರುವವು ಒಂದು ಪುಟ. ‘ಫೆಸೀಷಸ್’ ಅಲ್ಲಿತ್ತು, ತಮಾಷೆಯ ಸ್ವಭಾವದ ಎಂಬ ಅರ್ಥದೊಂದಿಗೆ. ಜೋಡಿ ಅಕ್ಷರಗಳ ಪುಟದಲ್ಲಿ ‘ಬುಕ್‌ಕೀಪರ್’: ಎರಡು ಓ, ಎರಡು ಕೆ, ಎರಡು ಇ, ಒಂದರ ಹಿಂದೆ ಒಂದು. ಕೀಬೋರ್ಡಿನ ಎಡಗೈ ಭಾಗದಲ್ಲೇ ಮುಗಿಯುವ ‘ಸ್ಟೂವರ್ಡೆಸಸ್’ ಮತ್ತೊಂದು ಕಡೆ.

ಒಂದು ಪುಟ ಮಾತ್ರ ಅಜ್ಜನ ಕೊಡುಗೆ. ‘ಟೈಪ್‌ರೈಟರ್’ ಎಂಬ ಪದವನ್ನು ಟೈಪ್‌ರೈಟರಿನ ಮೇಲಿನ ಸಾಲಿನ ಕೀಲಿಗಳಿಂದಲೇ ಹೊಡೆಯಬಹುದು, ‘ಪ್ರೊಪ್ರೈಟರ್’ ಕೂಡ ಹಾಗೆಯೇ. ಇದನ್ನು ಅವರು ಎಲ್ಲಿಯೂ ಓದಿ ತಿಳಿದದ್ದಲ್ಲ, ಬೆರಳಿಗೆ ಗೊತ್ತಾದದ್ದು. ಉಡುಪಿ ಕಡೆಯಿಂದ ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕೂತು, ಆಮೇಲೆ ಟೈಪಿಂಗ್ ಕ್ಲಾಸಿಗೆ ಸೇರಿದವರು. ಮುಂಬಯಿಯ ಕನ್ನಡಿಗರ ಒಂದು ತಲೆಮಾರಿನ ಬಹುಪಾಲು ಜನರ ಕಥೆ ಇಷ್ಟೇ, ಹೋಟೆಲಿನ ಹೆಸರು ಮಾತ್ರ ಬೇರೆ. ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿದ ಮೇಲೆ ಡೊಂಬಿವಲಿಯಲ್ಲಿ ಮನೆ ಮಾಡಿದರು. ಇಂಗ್ಲಿಷ್ ಅವರಿಗೆ ಮಾತಾಗಿ ಬಂದ ಭಾಷೆಯಲ್ಲ, ಅಕ್ಷರವಾಗಿ ಬಂದದ್ದು. ಅರ್ಥ ಗೊತ್ತಿಲ್ಲದ ನೂರಾರು ಪದಗಳನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದ್ದಾರೆ. ಮೊಮ್ಮಗಳು ಅಮೆರಿಕದ ಸ್ಪೆಲ್ಲಿಂಗ್ ಸ್ಪರ್ಧೆಗಳ ವಿಡಿಯೊ ತೋರಿಸಿದಾಗ, 2014ರಲ್ಲಿ ಒಬ್ಬ, 2016ರಲ್ಲಿ ಅವನ ತಮ್ಮ ಜಂಟಿ ವಿಜೇತರಾದದ್ದು ಕಂಡು, ಅವರ ಅಡ್ಡಹೆಸರು ಹತ್ವಾರ್ ಎಂದು ಕೇಳಿ, ಅಜ್ಜ ದಿವಾನದ ಮೇಲೆ ಎದ್ದು ಕೂತರು. “ಹತ್ವಾರರಾ? ನಮ್ಮ ಕಡೆಯ ಹೆಸರಲ್ವಾ ಅದು!”

ನೋಟ್‌ಬುಕ್ಕಿನ ಅತಿ ಉದ್ದದ ಪುಟ ಓ-ಎಸ್-ಐ-ಎಸ್ ಎಂದು ಮುಗಿಯುವ ಪದಗಳದು. ಓಸಿಸ್ ಎಂಬುದು ಗ್ರೀಕಿನಿಂದ ಬಂದ ಬಾಲ. ಒಂದು ಸ್ಥಿತಿ ಅಥವಾ ಕ್ರಿಯೆಯನ್ನು ಹೇಳುತ್ತದೆ, ವೈದ್ಯರ ಬಾಯಲ್ಲಿ ಹೆಚ್ಚಾಗಿ ರೋಗಸ್ಥಿತಿಯನ್ನು. ಆಸ್ಮೋಸಿಸ್, ಮೆಟಮಾರ್ಫೋಸಿಸ್ ದಾಟಿದರೆ ಉಳಿದವೆಲ್ಲ ಕಾಯಿಲೆಗಳೇ, ಅದರಲ್ಲೂ ಬಹಳಷ್ಟು ಧೂಳಿನ ಕಾಯಿಲೆಗಳು. ಕಲ್ಲಿದ್ದಲ ಧೂಳಿನಿಂದ ಆಂಥ್ರಕೋಸಿಸ್. ಕಬ್ಬಿಣದ ಧೂಳಿನಿಂದ ಸಿಡರೋಸಿಸ್. ಕಲ್ನಾರಿನಿಂದ ಆಸ್‌ಬೆಸ್ಟೋಸಿಸ್. ಬೂಸಲು ಹಿಡಿದ ಕಬ್ಬಿನ ಸಿಪ್ಪೆಯಿಂದ ಬಗಾಸೋಸಿಸ್. ಹತ್ತಿಯ ಧೂಳಿನಿಂದ ಬಿಸಿನೋಸಿಸ್. ನಯವಾದ ನಾರುಬಟ್ಟೆಗೆ ಗ್ರೀಕರು ಇಟ್ಟ ಹೆಸರು ಅದರ ಮೂಲ. ಈ ಕೊನೆಯದು ಮುಂಬಯಿಯ ಗಿರಣಗಾಂವಿಗೆ ಚೆನ್ನಾಗಿ ಗೊತ್ತಿದ್ದ ಕಾಯಿಲೆ. ವಾರದ ರಜೆ ಮುಗಿಸಿ ಗಿರಣಿಗೆ ಕಾಲಿಟ್ಟ ದಿನ ಎದೆ ಬಿಗಿದುಕೊಳ್ಳುತ್ತಿತ್ತು, ದಿನ ಕಳೆದಂತೆ ಸಡಿಲವಾಗುತ್ತಿತ್ತು. ಹಾಗಾಗಿ ಸೋಮವಾರದ ಜ್ವರ ಎಂಬ ಅಡ್ಡಹೆಸರೂ ಅದಕ್ಕಿದೆ. ಹುಡುಗಿಗೆ ಇದು ಬಹಳ ಇಷ್ಟವಾಯಿತು; ಸೋಮವಾರ ಶಾಲೆಗೆ ಹೋಗದಿರಲು ತನಗೂ ಬಿಸಿನೋಸಿಸ್ ಎಂದು ಎರಡು ವಾರ ಹೇಳಿಕೊಂಡು ತಿರುಗಿದಳು.

ಆ ಪುಟದ ಕೊನೆಗೆ, ಎರಡು ಸಾಲು ಹಿಡಿದು ನಿಂತಿದ್ದದ್ದು 45 ಅಕ್ಷರಗಳ ಪದ. ಇಂಗ್ಲಿಷ್ ನಿಘಂಟುಗಳಲ್ಲಿ ಅತಿ ಉದ್ದದ್ದು ಎಂದು ಮಕ್ಕಳೆಲ್ಲ ಬಾಯಿಪಾಠ ಮಾಡುವಂಥದ್ದು. ಅಜ್ಜನಿಗಾಗಿ ಹುಡುಗಿ ಅದನ್ನು ಕನ್ನಡದಲ್ಲಿ ಬರೆದಳು: ನ್ಯೂಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೆನೊಕೊನಿಯೋಸಿಸ್. ಎಣಿಸಿದರೆ ಅರ್ಧಾಕ್ಷರಗಳೂ ಸೇರಿ ಇಪ್ಪತ್ತೊಂದೇ ಅಕ್ಷರ. ಕನ್ನಡದಲ್ಲಿ ಒತ್ತು, ದೀರ್ಘ, ಗುಣಿತ ಎಲ್ಲ ಒಂದೇ ಅಕ್ಷರದ ಮೈಮೇಲೆ ಕೂತುಬಿಡುವುದರಿಂದ ಅರ್ಧಕ್ಕರ್ಧ ಉದ್ದ ಕರಗಿತು. ಇಂಗ್ಲಿಷಿನಲ್ಲಿ ಮೊದಲಿಗೆ ನಿಂತಿದ್ದ ‘ಪಿ’ ಅಂತೂ ಕಾಣೆಯೇ ಆಯಿತು. ಗ್ರೀಕರು ಅದನ್ನು ಉಚ್ಚರಿಸುತ್ತಿದ್ದರು. ಇಂಗ್ಲಿಷರ ನಾಲಿಗೆ ಅದನ್ನು ಬಿಟ್ಟಿತು, ಕೈ ಮಾತ್ರ ಬಿಡಲಿಲ್ಲ. ಕನ್ನಡಕ್ಕೆ ಪದಗಳು ಬರುವುದು ನಾಲಿಗೆಯ ದಾರಿಯಿಂದ, ಹೀಗಾಗಿ ನ್ಯುಮೋನಿಯಾದ ಪಿ, ಸೈಕಾಲಜಿಯ ಪಿ ಯಾವುವೂ ನಮ್ಮ ಗಡಿ ದಾಟಿಲ್ಲ.

ಹುಡುಗಿ ಈ ಪದವನ್ನು ಜೋರಾಗಿ, ರಾಗ ಹಾಕಿ, ಅಕ್ಷರ ಅಕ್ಷರವಾಗಿ ಹೇಳುತ್ತಿದ್ದಳು. ಒಳಗೆ ಗ್ರಾನೈಟ್ ಕೊಯ್ಯುತ್ತಿದ್ದ. ಇಳಕಲ್ಲ ಕಡೆಯವನು, ನಲವತ್ತು ದಾಟಿದವನು, ಕಲ್ಯಾಣದ ಹತ್ತಿರ ಚಾಳಿನಲ್ಲಿ ಮನೆ. ಮಷೀನು ನಿಲ್ಲಿಸಿ, ಮುಖಕ್ಕೆ ಕಟ್ಟಿದ ಟವೆಲು ಇಳಿಸಿ, ಬಾಗಿಲಿಗೆ ಬಂದು ನಿಂತ.

“ತಂಗಿ, ಅದೇನ ಮಂತ್ರ ಹೇಳಾಕತ್ತಿ?”

“ಮಂತ್ರ ಅಲ್ಲ ಕಾಕಾ, ರೋಗದ ಹೆಸರು.”

“ರೋಗಕ್ಕ ಇಷ್ಟ ಉದ್ದ ಹೆಸರ! ಏನಾಗತೈತಿ ಅದು ಬಂದ್ರ?”

ಹುಡುಗಿ ನೋಟ್‌ಬುಕ್ ನೋಡಿ ಹೇಳಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಲ್ಲಿನ ಧೂಳು ಉಸಿರಲ್ಲಿ ಒಳಗೆ ಹೋಗಿ ಶ್ವಾಸಕೋಶ ಹಾಳಾಗುವುದು.

“ಕೆಮ್ಮು ಬರತೈತೇನು?”

“ಬರುತ್ತೆ ಅನ್ಸುತ್ತೆ.”

“ಗುಳಿಗಿ ಐತೇನು ಅದಕ್ಕ?”

ನೋಟ್‌ಬುಕ್ಕಿನಲ್ಲಿ ಪದ, ಅಕ್ಷರಗಳ ಸಂಖ್ಯೆ, ಮೂಲ, ಅರ್ಥ ಎಂದು ನಾಲ್ಕು ಕಾಲಂ ಇದ್ದವು. ಗುಳಿಗೆಯ ಕಾಲಂ ಇರಲಿಲ್ಲ. ಅವನು ನಕ್ಕು, ಕೆಮ್ಮಿ, ಮತ್ತೆ ಒಳಗೆ ಹೋದ. ಆಗ ಅಜ್ಜ ಮೊದಲ ಸಲ ಆ ಕೆಮ್ಮನ್ನು ಗಮನಿಸಿದರು. ನಾಲ್ಕು ದಿನದಿಂದ ಕೇಳುತ್ತಿದ್ದದ್ದೇ. ಮಷೀನಿನ ಸದ್ದಿನ ಜೊತೆ ಅದೂ ಒಂದು ಸದ್ದು ಎಂದು ಬಿಟ್ಟಿದ್ದರು.

ಆ ಪದದ ಹಿಂದಿನ ಕಥೆ ಸ್ವಲ್ಪ ವಿಚಿತ್ರ. ಅದು ಯಾವ ವೈದ್ಯನೂ ಇಟ್ಟ ಹೆಸರಲ್ಲ. ಅಮೆರಿಕದ ಪದಬಂಧ ಪ್ರಿಯರ ಸಂಘವೊಂದಿದೆ, ನ್ಯಾಷನಲ್ ಪಜ್ಲರ್ಸ್ ಲೀಗ್, 1883ರಲ್ಲಿ ಹುಟ್ಟಿದ್ದು. 1935ರಲ್ಲಿ ಅದರ ಅಧ್ಯಕ್ಷನಾಗಿದ್ದ ಎವರೆಟ್ ಸ್ಮಿತ್, ಉದ್ದದ ಪದ ಬೇಕೆಂದೇ ಇದನ್ನು ಹೊಸೆದ. ಪತ್ರಿಕೆಯಲ್ಲಿ ಬಂತು, ಆಮೇಲೆ ನಿಘಂಟುಗಳಿಗೂ ನುಗ್ಗಿತು. ಗಂಭೀರ ನಿಘಂಟುಗಳು ಈಗಲೂ ಇದು ಕೃತಕ ಪದ ಎಂದು ಒಂದು ಮಾತು ಸೇರಿಸುತ್ತವೆ. ನ್ಯೂಮೊನ್ ಎಂದರೆ ಶ್ವಾಸಕೋಶ, ಕೋನಿಸ್ ಎಂದರೆ ಧೂಳು, ಸಿಲೆಕ್ಸ್ ಲ್ಯಾಟಿನ್ನಿನಲ್ಲಿ ಬೆಣಚುಕಲ್ಲು, ನಡುವೆ ಜ್ವಾಲಾಮುಖಿ, ಸೂಕ್ಷ್ಮದರ್ಶಕ ಎಲ್ಲ ತುರುಕಿದ್ದು ಉದ್ದಕ್ಕಾಗಿ. ವೈದ್ಯರ ನಿಜವಾದ ಪದಗಳು ಇದಕ್ಕಿಂತ ಹಳೆಯವು, ಚಿಕ್ಕವು. 1860ರ ದಶಕದಲ್ಲಿ ಜರ್ಮನಿಯ ಝೆಂಕರ್ ಧೂಳಿನ ಶ್ವಾಸಕೋಶ ರೋಗಗಳಿಗೆಲ್ಲ ಸೇರಿಸಿ ಒಂದು ಹೆಸರಿಟ್ಟ, ಅದೇ ಸವೆದು ಈಗ ನ್ಯೂಮೊಕೊನಿಯೋಸಿಸ್. 1870ರಲ್ಲಿ ಇಟಲಿಯ ವಿಸ್ಕೊಂತಿ ಕಲ್ಲಿನ ಧೂಳಿನದನ್ನು ಮಾತ್ರ ಬೇರೆ ಮಾಡಿ ಸಿಲಿಕೋಸಿಸ್ ಎಂದ. ಕಾಯಿಲೆ ಇವರೆಲ್ಲರಿಗಿಂತ ಹಿಂದಿನದು. 1700ರಲ್ಲಿ ಕಸುಬುಗಳ ರೋಗಗಳ ಮೇಲೆ ಪುಸ್ತಕ ಬರೆದ ರಮಾತ್ಸಿನಿ, ಕಲ್ಲುಕುಟಿಗರ ಎದೆ ಹೇಗೆ ಕೆಡುತ್ತದೆ ಎಂದು ಆಗಲೇ ಹೇಳಿದ್ದಾನೆ.

ಪದಬಂಧದ ಜನ ಈ ಆಟ ಆಡುತ್ತಿದ್ದ ಕಾಲಕ್ಕೆ ಅದೇ ಅಮೆರಿಕದ ವೆಸ್ಟ್ ವರ್ಜೀನಿಯದಲ್ಲಿ ಗೌಲಿ ಬ್ರಿಜ್ ಎಂಬ ಊರಿನ ಹತ್ತಿರ ಸುರಂಗ ಕೊರೆದವರು ಸಾಯುತ್ತಿದ್ದರು. 1930-31ರಲ್ಲಿ ನದಿ ತಿರುಗಿಸಲು ಕೊರೆದ ಸುರಂಗ ಅದು. ಹೆಚ್ಚಿನವರು ದಕ್ಷಿಣದಿಂದ ಕೂಲಿಗೆ ಬಂದ ಕಪ್ಪು ಜನ. ಬಂಡೆಯಲ್ಲಿ ಸಿಲಿಕಾ ತುಂಬಿತ್ತು, ನೀರು ಹಾಕದೆ ಒಣಗಲ್ಲನ್ನೇ ಕೊರೆಸಿದರು. 1936ರಲ್ಲಿ ಅಮೆರಿಕದ ಸಂಸತ್ತು ವಿಚಾರಣೆ ನಡೆಸಿದಾಗ ಸತ್ತವರ ಲೆಕ್ಕ 476 ಎಂದು ಬಂತು. ಅದಕ್ಕಿಂತ ಹೆಚ್ಚು ಎಂದವರೂ ಇದ್ದಾರೆ. ಸಿಲಿಕೋಸಿಸ್ ಎಂಬ ಪದ ಪತ್ರಿಕೆ ಓದುವವರಿಗೆಲ್ಲ ಪರಿಚಯವಾಗುತ್ತಿದ್ದ ಆ ವರ್ಷಗಳಲ್ಲೇ ಅದರ ಹಿಂದೆ ಮುಂದೆ ಗೊಂಚಲು ಕಟ್ಟಿ ಉದ್ದದ ದಾಖಲೆ ಮಾಡಿದರು. ಯಾರ ಮನಸ್ಸಿನಲ್ಲಿ ಏನಿತ್ತೋ. ಆದರೆ ಆ 45 ಅಕ್ಷರಗಳ ಹೊಟ್ಟೆಯೊಳಗೆ ಆರು ಅಕ್ಷರ ಮಾತ್ರ ಆಟದ್ದಲ್ಲ: ಸಿಲಿಕೊ.

ನಮ್ಮಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ, ಎಂದು ವೈದ್ಯಕೀಯ ಪಠ್ಯಪುಸ್ತಕಗಳು ಬರೆಯುತ್ತವೆ. ಅಂದರೆ ಭಾರತದಲ್ಲಿ ಸಿಲಿಕೋಸಿಸ್‌ನ ವಿಳಾಸ ಮೊದಲಿಗೆ ಕನ್ನಡ ನಾಡಿನದು.

ಇಳಕಲ್ಲಿನವನ ಕಥೆಯನ್ನು ಅಜ್ಜ ಚಹಾದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಕೇಳಿದರು. ಚಿಕ್ಕವನಿದ್ದಾಗ ಅಪ್ಪ-ಅವ್ವನ ಜೊತೆ ನವಿ ಮುಂಬಯಿಗೆ ಬಂದು ತುರ್ಭೆ ಕಡೆಯ ಕ್ವಾರಿಯಲ್ಲಿ ಜಲ್ಲಿ ಒಡೆದದ್ದು. ಊರಿಗೆ ಮರಳಿ ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆ. ಆಮೇಲೆ ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ಕೊಯ್ಯುವ ಕೆಲಸ. ಹದಿನೈದು ವರ್ಷದಿಂದ ಮತ್ತೆ ಈ ಕಡೆ, ಘೋಡಬಂದರ ರಸ್ತೆಯಿಂದ ಖಾರ್ಘರ್‌ವರೆಗೆ, ಎಲ್ಲಿ ಹೊಸ ಕಟ್ಟಡವೋ ಅಲ್ಲಿ ಅಡುಗೆಮನೆಯ ಕಟ್ಟೆ. ಮರಾಠಿಯವರು ಓಟಾ ಎನ್ನುತ್ತಾರೆ, ಅವನೂ ಓಟಾ ಎನ್ನುತ್ತಾನೆ.

ಕಲ್ಲುಗಳ ವಿಷಯದಲ್ಲಿ ಒಂದು ಮಾತು ಇಲ್ಲಿ ಹೇಳಬೇಕು. ಠಾಣೆ, ಕಲ್ಯಾಣ, ನವಿ ಮುಂಬಯಿಯ ಗುಡ್ಡಗಳೆಲ್ಲ ದಖನ್ನಿನ ಲಾವಾ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಗಟ್ಟಿಯಾದ ಬಸಾಲ್ಟ್. 1916ರಲ್ಲಿ ಶುರುವಾದ ಪಾರಸಿಕ್ ಸುರಂಗವನ್ನು ಕೊರೆದದ್ದು ಅಂಥ ಗುಡ್ಡದಲ್ಲೇ. 2022ರವರೆಗೆ ಡೊಂಬಿವಲಿಯ ಫಾಸ್ಟ್ ಲೋಕಲ್‌ಗಳು ಅದರೊಳಗಿಂದ ಹೋಗುತ್ತಿದ್ದವು, ಅಜ್ಜನ ಕಾಲದವರು ಆ ಕತ್ತಲೆಯಲ್ಲಿ ಒಂದು ಸಣ್ಣ ನಿದ್ದೆ ತೆಗೆಯುವುದನ್ನು ಕಲಿತಿದ್ದರು. ಆಟಕ್ಕೆ ತುರುಕಿದ ‘ವಾಲ್ಕೆನೊ’ ಈ ಊರುಗಳಲ್ಲಿ ನಿಜವೇ ಆಯಿತು ಎನ್ನಬಹುದು; ಕ್ರಷರ್‌ಗಳಲ್ಲಿ ಪುಡಿಯಾಗಿ ಹಾರುವುದು ಜ್ವಾಲಾಮುಖಿಯ ಕಲ್ಲೇ. ಆದರೆ ಬಸಾಲ್ಟಿನಲ್ಲಿ ಬೆಣಚು ಬಹಳ ಕಡಿಮೆ. ಆ ಧೂಳು ಒಳ್ಳೆಯದೆಂದಲ್ಲ, ಸಿಲಿಕೋಸಿಸ್ ಕೊಡುವ ಶಕ್ತಿ ಅದಕ್ಕೆ ಕಡಿಮೆ ಎಂದಷ್ಟೇ. ಗ್ರಾನೈಟಿನಲ್ಲಿ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲು ಬೆಣಚು. ಈಗ ಫ್ಯಾಷನ್ನಾಗಿರುವ, ಪುಡಿಯನ್ನು ಅಂಟಿನಲ್ಲಿ ಕಲಸಿ ಮಾಡುವ ಕ್ವಾರ್ಟ್ಜ್ ಹಲಗೆಗಳಲ್ಲಿ ಅದು ನೂರಕ್ಕೆ ತೊಂಬತ್ತನ್ನೂ ದಾಟಬಹುದು. ಅದನ್ನು ಕೊಯ್ದ ಚಿಕ್ಕ ವಯಸ್ಸಿನ ಹುಡುಗರು ಸಾಲಾಗಿ ಮಲಗಿದ್ದನ್ನು ಕಂಡು ಆಸ್ಟ್ರೇಲಿಯ 2024ರ ಜುಲೈ 1ರಿಂದ ಅಂಥ ಹಲಗೆಗಳನ್ನೇ ನಿಷೇಧಿಸಿತು. ಇನ್ನು ಡೊಂಬಿವಲಿಯ ಮನೆಯವರು ಆರಿಸಿದ್ದ ಕರಿ ಗ್ರಾನೈಟು ಬಹುತೇಕ ಗ್ರಾನೈಟೇ ಅಲ್ಲ. ಚಾಮರಾಜನಗರದ ಕಡೆಯಿಂದ ಬರುವ ಕರಿಯ ಕಲ್ಲು ಭೂವಿಜ್ಞಾನಿಗಳ ಲೆಕ್ಕದಲ್ಲಿ ಡಾಲರೈಟ್. ಅಂಗಡಿಯವನಿಗೆ ಹೊಳೆಯುವುದೆಲ್ಲ ಗ್ರಾನೈಟ್.

ಕಾಯಿಲೆ ಬರುವ ರೀತಿಯೂ ಸರಳವೇ. ಕೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತ ಸಣ್ಣ ಕಣ ಮೂಗಿನಲ್ಲಿ ಸಿಕ್ಕಿಕೊಳ್ಳದೆ ಶ್ವಾಸಕೋಶದ ತುದಿಯ ಗುಳ್ಳೆಗಳವರೆಗೆ ಇಳಿಯುತ್ತದೆ. ಅಲ್ಲಿ ಕಾವಲಿರುವ ಜೀವಕೋಶ ಅದನ್ನು ನುಂಗಿ, ಅರಗಿಸಲಾರದೆ ಸಾಯುತ್ತದೆ. ಕಣ ಮತ್ತೆ ಹೊರಗೆ. ಇನ್ನೊಂದು ಬಂದು ನುಂಗುತ್ತದೆ. ಹೀಗೆ ನಡೆದ ಜಾಗದಲ್ಲೆಲ್ಲ ಗಾಯದ ಗುರುತಿನಂಥ ಗಂಟು. ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ, ಧೂಳು ವಿಪರೀತವಾದರೆ ಬೇಗ. ಕಲ್ಲಿಗೆ ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಬಹಳಷ್ಟು ತಗ್ಗುತ್ತದೆ. ಆದ ಹಾನಿಯನ್ನು ಮರಳಿಸುವ ಗುಳಿಗೆ ಇಲ್ಲ.

ಅವನು ಗುಳಿಗೆ ತಿನ್ನುತ್ತಿದ್ದ, ಅದು ಬೇರೆಯದಕ್ಕೆ. ಕಲ್ಯಾಣದಲ್ಲಿ ತೋರಿಸಿದಾಗ ಎಕ್ಸ್‌ರೇ ನೋಡಿ ಟಿಬಿ ಎಂದರು. ಕಫದಲ್ಲಿ ರೋಗಾಣು ಸಿಕ್ಕಿರಲಿಲ್ಲ. ಆರು ತಿಂಗಳ ಕೋರ್ಸ್ ಒಂದು ಸಲ ಮುಗಿದು, ಕೆಮ್ಮು ನಿಲ್ಲದೆ, ಎರಡನೇ ಸಲದ್ದು ನಡೆದಿತ್ತು. ವೈದ್ಯರನ್ನು ಸುಮ್ಮನೆ ಬೈಯುವಂತಿಲ್ಲ. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲೇ ಮೊದಲು ಕಾಣುತ್ತವೆ, ಮೇಲಾಗಿ ಸಿಲಿಕಾ ತುಂಬಿದ ಎದೆಗೆ ಟಿಬಿ ಸುಲಭವಾಗಿ ಹತ್ತುತ್ತದೆ. ಎರಡೂ ಒಟ್ಟಿಗೆ ಇರಲೂಬಹುದು. ಆದರೆ ಏನು ಕೆಲಸ ಮಾಡುತ್ತೀ ಎಂದು ಅವನನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಈ ಎರಡು ಪದಗಳ ನಡುವೆ ಇರುವುದು ಸ್ಪೆಲ್ಲಿಂಗಿನ ವ್ಯತ್ಯಾಸವಲ್ಲ. ಟಿಬಿ ಎಂದು ಬರೆದರೆ ಸರ್ಕಾರದ ಮಾತ್ರೆ ಪುಕ್ಕಟೆ, ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ, ಈಗ 1000. ಅದು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ, ಗಾಳಿಯಿಂದ ಬಂತು. ಸಿಲಿಕೋಸಿಸ್ ಎಂದು ಬರೆದ ಕೂಡಲೆ ಯಾವ ಕಲ್ಲು, ಯಾರ ಕೆಲಸ, ಎಷ್ಟು ವರ್ಷ ಎಂಬ ಪ್ರಶ್ನೆಗಳು ಏಳುತ್ತವೆ. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೇ ಅದು ವರದಿ ಮಾಡಲೇಬೇಕಾದ ರೋಗವಾಗಿತ್ತು. ರಾಜಸ್ಥಾನ 2019ರಲ್ಲಿ ಇದಕ್ಕೆಂದೇ ನೀತಿ ತಂದು, ಕಾಯಿಲೆ ದೃಢಪಟ್ಟವರಿಗೆ 3 ಲಕ್ಷ ಎಂದಿತು. ಅಡುಗೆಮನೆ ಕಾರ್ಖಾನೆಯಲ್ಲ ಎಂಬುದು ಇಳಕಲ್ಲಿನವನ ತೊಡಕು.

ಕಟ್ಟೆಯ ಕೆಲಸ ಮುಗಿದ ದಿನ ಅಜ್ಜ ಅವನಿಗೆ, “ಒಮ್ಮೆ ದೊಡ್ಡ ಕಡೆ ತೋರ್ಸು ಮಾರಾಯ, ಕಲ್ಲಿನ ಕೆಲಸ ಅಂತ ನೀನೇ ಮೊದಲು ಹೇಳು” ಎಂದರು. ಹುಡುಗಿ ಒಂದು ಚೀಟಿಯಲ್ಲಿ ದೊಡ್ಡಕ್ಷರಗಳಲ್ಲಿ ಒಂಬತ್ತು ಅಕ್ಷರದ ಪದ ಬರೆದುಕೊಟ್ಟಳು. ಕಾಗದದ ಮೇಲೆ ಈ ಪದ ಬಂದಿದೆಯಾ ನೋಡು ಎಂದಳು. ಇಂಗ್ಲಿಷ್ ಓದಲು ಬಾರದವನಿಗೆ ಅದನ್ನು ಗುರುತಿಸುವ ಉಪಾಯವನ್ನೂ ಅವಳೇ ಹೇಳಿಕೊಟ್ಟಳು: ಎಸ್ ಎಂದರೆ ಹಾವು, ಐ ಎಂದರೆ ಕೋಲು. ಮೂರು ಹಾವು, ಮೂರು ಕೋಲು, ಕೊನೆಗೆ ಹಾವು, ಕೋಲು, ಹಾವು. ಅವನು ಚೀಟಿಯನ್ನು ಮೊಬೈಲಿನ ಕವರಿನೊಳಗೆ ಸೇರಿಸಿದ.

ಮೂರು ವಾರದ ಮೇಲೆ ಫೋನ್ ಬಂತು. ಧ್ವನಿಯಲ್ಲಿ ಖುಷಿ.

“ತಂಗಿ, ಬಂದೈತಿ ನೋಡು ಕಾಗದದಾಗ. ಹಾವು, ಕೋಲು, ಹಾವು. ಕಡೀಕ ಐತಿ.”

ಹುಡುಗಿ ಅಜ್ಜನ ಕಡೆ ನೋಡಿದಳು. ಅಜ್ಜ, ಮೊದಲನೇ ಅಕ್ಷರ ಹಾವೇ ಹೌದಾ ಕೇಳು ಎಂದರು. ಆ ಕಡೆ ಸ್ವಲ್ಪ ಹೊತ್ತು ಕಾಗದದ ಸದ್ದು.

“ಇಲ್ಲವ್ವಾ. ಕಂಬ ಐತಿ, ಮ್ಯಾಲೊಂದು ಅಡ್ಡ ಪಟ್ಟಿ.”

ಟಿ. ಟ್ಯುಬರ್‌ಕ್ಯುಲೋಸಿಸ್, ಹನ್ನೆರಡು ಅಕ್ಷರ. ಕೊನೆಯ ನಾಲ್ಕು ಅವೇ. ನೋಟ್‌ಬುಕ್ಕಿನ ಅದೇ ಪುಟದಲ್ಲಿ, ಆರನೇ ಸಾಲಿನಲ್ಲಿ ಅವಳೇ ಬರೆದಿದ್ದಳು. ಬಾಲ ಒಂದೇ ಎಂದು ಗೊತ್ತಿದ್ದೂ ಬಾಲವನ್ನೇ ಗುರುತಾಗಿ ಕೊಟ್ಟಿದ್ದಳು. ಫೋನ್ ಅಜ್ಜನ ಕೈಗಿತ್ತು ಹೊಸ ಅಡುಗೆಮನೆಗೆ ಹೋಗಿ ನಿಂತಳು. ಅಂದು ಅವಳು ಓದಲಿಲ್ಲ.

ಸ್ಪರ್ಧೆ ಅದರ ಮರುವಾರ. ಎರಡನೇ ಸುತ್ತಿನಲ್ಲೇ ‘ಸೆಪರೇಟ್’ ಎಂಬ ಪದದ ನಡುವಿನ ಎ ಜಾಗಕ್ಕೆ ಇ ಹೇಳಿ ಹೊರಗೆ ಬಂದಳು. ಉದ್ದದ ಪದಗಳು ಯಾವುವೂ ಬರಲೇ ಇಲ್ಲ.

ಇಳಕಲ್ಲಿನವನನ್ನು ಠಾಣೆಗೆ ಅಜ್ಜ ತಾವೇ ಕರೆದುಕೊಂಡು ಹೋದರು, ತಮ್ಮ ಮೊಣಕಾಲು ನೋವನ್ನು ತೋರಿಸುವ ನೆಪ ಮಾಡಿಕೊಂಡು. ಒಂದು ಕಾಗದದಲ್ಲಿ ಕೆಲಸದ ವಿವರವನ್ನು ವರ್ಷವಾರು ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದರು: ಕ್ವಾರಿ, ಇಳಕಲ್ಲ, ಓಟಾ, ಒಣ ಕಟಿಂಗ್, ಬಾಗಿಲು ಮುಚ್ಚಿದ ಕೋಣೆ. ಅಲ್ಲಿನ ವೈದ್ಯೆ ಅದನ್ನು ಓದಿ, ಸಿಟಿ ಸ್ಕ್ಯಾನ್ ಬರೆದರು. ವರದಿ ಬಂದಾಗ ಅದರಲ್ಲಿ ಹಾವು, ಕೋಲು, ಹಾವು ಇದ್ದವು, ಆದರೆ ಶುರುವಾಗಿದ್ದು ಪಿ ಅಕ್ಷರದಿಂದ. ನ್ಯೂಮೊಕೊನಿಯೋಸಿಸ್ ಇರುವಂತಿದೆ ಎಂದಿತ್ತು.

“ಇದು ನಮ್ದೇನು?” ಎಂದು ಅವನು ಫೋನಿನಲ್ಲಿ ಹುಡುಗಿಯನ್ನು ಕೇಳಿದ.

“ಹೌದು ಕಾಕಾ. ಇದು ಮನೆತನದ ಹೆಸರು. ನಿಮ್ಮದು ಅದರೊಳಗೆ ಬರುತ್ತೆ.”

“ಹಂಗಾರ ಅಡ್ಡಹೆಸರು ಬಂತು, ಹೆಸರು ಬಂದಿಲ್ಲ.”

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಹಚ್ಚಿಸಬೇಕು ಎಂದು ವೈದ್ಯೆ ಹೇಳಿದ್ದಾರೆ. ಅದಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಅಜ್ಜ ಅದರ ಕರಡನ್ನು ಹಳೆಯ ಟೈಪಿಸ್ಟಿನ ಶಿಸ್ತಿನಲ್ಲಿ, ಅಂಚು ಬಿಟ್ಟು, ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಕೀಲಿ ಒತ್ತಿ ಮಾಡಿಕೊಟ್ಟರು. ಗುತ್ತಿಗೆದಾರ ಸಹಿಗೆ ನಾಳೆ ಬಾ, ನಾಡಿದ್ದು ಬಾ ಎನ್ನುತ್ತಿದ್ದಾನೆ. ಅಷ್ಟರಲ್ಲಿ ಅವನಿಗೆ ಖಾರ್ಘರ್‌ನಲ್ಲಿ ಇನ್ನೊಂದು ಕಟ್ಟಡ ಸಿಕ್ಕಿದೆ, ಇಪ್ಪತ್ತೆರಡು ಮಹಡಿ, ಪ್ರತಿ ಮಹಡಿಗೆ ನಾಲ್ಕು ಅಡುಗೆಮನೆ. ಕೋಲ್ಡ್‌ಡ್ರಿಂಕ್ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಬ್ಲೇಡಿನ ಮೇಲೆ ನೀರು ಬಿಡಲು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದಾನಂತೆ. ಹುಡುಗನಿಗೆ ಹದಿನೆಂಟು, ಇಳಕಲ್ಲಿನವನೇ, ಅಕ್ಕನ ಮಗ. ಅವನಿಗೆ ಇಂಗ್ಲಿಷ್ ಓದಲು ಬರುತ್ತದೆ ಎಂದು ಹೇಳಿದ. ಹೊಸ ಚೀಟಿ ಕಳಿಸು, ಎರಡೂ ಪದ ಪೂರ್ತಿ ಬರೆದು, ಎಂದೂ ಹೇಳಿದ.